ಒರಗಿ ತುಳಿಯುವ ಟ್ರೈಕ್‌ನಲ್ಲಿ 25 ಕಿ.ಮೀ. ದಾಟಿದರೆ ಕೂರೋಕೇ ಆಗ್ತಿಲ್ಲ, ಏನು ಮಾಡಲಿ?

ತುಂಗಾತೀರ, ಪಿಟ್ಸ್‌ಬರ್ಗ್ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನಗೆ 61 ವರ್ಷ. ಊರು ತೀರ್ಥಹಳ್ಳಿ ಕಡೆ, ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಕಿವಿಯ ತೊಂದರೆಯಿಂದ ತಲೆಸುತ್ತು ಶುರುವಾಗಿ ಸೈಕಲ್ ಬಿಡಬೇಕಾಯಿತು. ಆರು ತಿಂಗಳು ಬಹಳ ಬೇಜಾರಿನಲ್ಲಿದ್ದೆ. ಹೋದ ವರ್ಷ ರಿಕಂಬೆಂಟ್ ಟ್ರೈಕ್ ಕೊಂಡೆ. ಮುಂದೆ ಎರಡು ಗಾಲಿ, ಹಿಂದೆ ಒಂದು, ನಡುವೆ ಬಲೆಯ ಸೀಟು, ಕಾಲು ಮುಂದಕ್ಕೆ ಚಾಚಿ ತುಳಿಯುವುದು. ಮೊದಲ ದಿನ ನಮ್ಮ ಬೀದಿಯ ಕೊನೆತನಕ ಹೋಗಿ ಬಂದಾಗ ಕಣ್ಣಲ್ಲಿ ನೀರು ಬಂತು. ಮತ್ತೆ ಗಾಳಿ ಮುಖಕ್ಕೆ ಬಡಿಯಿತಲ್ಲ, ಅದಕ್ಕೆ.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿ ಹಳೇ ರೈಲು ದಾರಿಯನ್ನೇ ಸೈಕಲ್ ದಾರಿ ಮಾಡಿದ್ದಾರೆ. ಗ್ರೇಟ್ ಅಲೆಗೇನಿ ಪ್ಯಾಸೇಜ್ ಅಂತ ಹೆಸರು. ಪಿಟ್ಸ್‌ಬರ್ಗ್‌ನಿಂದ ಮೇರಿಲ್ಯಾಂಡಿನ ಕಂಬರ್‌ಲ್ಯಾಂಡ್‌ವರೆಗೆ 150 ಮೈಲಿ. ಬಹುಪಾಲು ಸುಣ್ಣಕಲ್ಲಿನ ಪುಡಿ ಹಾಸಿದ ದಾರಿ, ಕಾರು ಲಾರಿಯ ಕಾಟ ಇಲ್ಲ. ನನ್ನ ಆಸೆ ಸಣ್ಣದು. ಕನೆಲ್ಸ್‌ವಿಲ್‌ನಿಂದ ಯಾಕಗೇನಿ ನದಿಯ ಪಕ್ಕದಲ್ಲೇ ಒಹಾಯೋಪೈಲ್‌ಗೆ ಹೋಗಿ ಅದೇ ದಿನ ವಾಪಸು ಬರಬೇಕು. ಒಂದು ಕಡೆಗೆ ಸುಮಾರು 27 ಕಿ.ಮೀ. ಕಾಲಲ್ಲಿ ಶಕ್ತಿ ಇದೆ, ಉಸಿರೂ ಸಾಲುತ್ತದೆ. ಆದರೆ 25 ಕಿ.ಮೀ. ಹತ್ತಿರ ಬಂದಾಗ ಕೂರುವ ಜಾಗದಲ್ಲಿ ಉರಿ ಶುರು. ಮೊದಲು ಎಡಗಡೆ, ಆಮೇಲೆ ಎರಡೂ ಕಡೆ. ಸ್ವಲ್ಪ ಹೊತ್ತಿಗೆ ಮರಗಟ್ಟುತ್ತದೆ. ಇಳಿದು ಎರಡು ಮೂರು ನಿಮಿಷ ನಡೆದರೆ ಸರಿಹೋಗುತ್ತದೆ. ಮತ್ತೆ ಕೂತರೆ ಈ ಸಲ ಐದೇ ಕಿ.ಮೀ.ಗೆ ಬಂದುಬಿಡುತ್ತದೆ. ಬಾಲಮೂಳೆ ಹತ್ತಿರ ಏನೋ ಗಟ್ಟಿಯಾದದ್ದು ಒತ್ತಿದ ಹಾಗೂ ಅನ್ನಿಸುತ್ತದೆ.

ಮೂರು ದಿಂಬು ತಂದಾಯಿತು. ಮೊದಲು ಜೆಲ್ ದಿಂಬು, ಆಮೇಲೆ ದಪ್ಪ ಸ್ಪಂಜು, ಕೊನೆಗೆ ಮನೆಯಲ್ಲಿದ್ದ ಕಾರಿನ ದಿಂಬು. ಒಂದಕ್ಕಿಂತ ಒಂದು ಕಷ್ಟವಾಯಿತು. ಅಂಗಡಿಯಲ್ಲಿ ಕೇಳಿದರೆ "ರೂಢಿಯಾಗುತ್ತೆ" ಅಂದರು. ಒಂದು ವರ್ಷ ಆಯಿತು, ಆಗಲಿಲ್ಲ. ಇಂಥ ಟ್ರೈಕ್ ಓಡಿಸುವವರು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಗಾಳಿಗೆದುರು, ಉಟ್ರೆಕ್ಟ್ · ಸೋಮವಾರ ಬೆಳಿಗ್ಗೆ

ತುಂಗಾತೀರ ಸರ್, ಒರಗಿ ತುಳಿಯುವವರು ನೀವೂ ಒಬ್ಬರು ಇದೀರಿ ಅಂತ ಗೊತ್ತಾಗಿ ಖುಷಿಯಾಯಿತು. ನಾನು ಹನ್ನೊಂದು ವರ್ಷದಿಂದ ಒರಗು ಸೈಕಲ್‌ನಲ್ಲೇ ಕೆಲಸಕ್ಕೆ ಹೋಗುತ್ತೇನೆ. ಡಚ್ ಭಾಷೆಯಲ್ಲಿ ಇದಕ್ಕೆ ಲಿಖ್‌ಫೀಟ್ಸ್ ಅನ್ನುತ್ತಾರೆ, ಮಲಗು ಸೈಕಲ್ ಅಂತಲೇ ಅರ್ಥ.

ನಿಮಗೆ ಆಗುತ್ತಿರುವುದು ಒರಗು ಸೈಕಲ್‌ನವರಲ್ಲಿ ತುಂಬಾ ಮಾಮೂಲಿ. ಸಾಮಾನ್ಯ ಸೈಕಲ್‌ನಲ್ಲಿ ಜೋರಾಗಿ ತುಳಿದಷ್ಟೂ ಮೈ ಸ್ವಲ್ಪ ಮೇಲೇಳುತ್ತದೆ, ಸೀಟಿನ ಮೇಲಿನ ಭಾರ ಕಮ್ಮಿಯಾಗುತ್ತದೆ. ಇದರಲ್ಲಿ ಉಲ್ಟಾ. ಪೆಡಲನ್ನು ಮುಂದಕ್ಕೆ ಒದ್ದಷ್ಟೂ ನಿಮ್ಮ ಸೊಂಟ ಹಿಂದಕ್ಕೆ, ಸೀಟಿನೊಳಕ್ಕೆ ಹೋಗುತ್ತದೆ. ಯಾವ ಮಾಂಸಖಂಡ ತುಳಿಯುತ್ತಿದೆಯೋ ಅದರ ಮೇಲೇ ನೀವು ಕೂತಿರುತ್ತೀರಿ. ದುಡಿಯುವ ಮಾಂಸಕ್ಕೆ ರಕ್ತ ಜಾಸ್ತಿ ಬೇಕು, ಆದರೆ ಅದು ನಿಮ್ಮದೇ ಭಾರದಡಿ ಹಿಚುಕಿಹೋಗಿರುತ್ತದೆ. ಉರಿ ಬರುವುದು ಅದಕ್ಕೆ.

ಮೂರು ವಿಷಯ ತಿಳಿಸಿ. ಸೀಟಿನ ಬೆನ್ನು ನೆಲದಿಂದ ಎಷ್ಟು ಡಿಗ್ರಿಯಲ್ಲಿದೆ? ಫೋನ್‌ನಲ್ಲಿ ಮಟ್ಟ ನೋಡುವ ಆ್ಯಪ್ ಇರುತ್ತಲ್ಲ, ಅದನ್ನು ಬೆನ್ನಿಗೆ ಇಟ್ಟು ನೋಡಿ. ಯಾವ ಗೇರಿನಲ್ಲಿ ತುಳಿಯುತ್ತೀರಿ, ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ಬರುತ್ತದೆ? ಕಾಲು ಪೂರ್ತಿ ಚಾಚಿದಾಗ ಮಂಡಿ ನೇರ ಆಗುತ್ತದೆಯೋ, ಸ್ವಲ್ಪ ಬಾಗಿರುತ್ತದೆಯೋ?

ಹೊಸಬ, ತುಮಕೂರು · ಸೋಮವಾರ

ನಾನು ಮಾಮೂಲಿ ಸೈಕಲ್‌ನವನು, ಟ್ರೈಕ್ ಗೊತ್ತಿಲ್ಲ. ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿ ಹಾಕಿದರೆ ಸಾಕಾಗಲ್ವಾ?

ಗಾಳಿಗೆದುರು · ಸೋಮವಾರ

ಇದಕ್ಕೆ ಬೇಡ. ಆ ಪ್ಯಾಡ್ ಇರುವುದು ಕಿರಿದಾದ ಸೀಟಿನ ಮೇಲೆ ತೊಡೆ ಸಂದಿಗೆ. ಒರಗು ಸೀಟಿನಲ್ಲಿ ಆ ಜಾಗಕ್ಕೆ ಭಾರವೇ ಬೀಳುವುದಿಲ್ಲ. ಬದಲಿಗೆ ಪ್ಯಾಡಿನ ಹಿಂದಿನ ಅಂಚು ಸರಿಯಾಗಿ ಬಾಲಮೂಳೆ ಕೆಳಗೆ ಬಂದು ಕೂರುತ್ತದೆ. ತೆಳುವಾದ, ಹಿಂದೆ ಹೊಲಿಗೆ ಇಲ್ಲದ ಚಡ್ಡಿ ಸಾಕು. ಜೀನ್ಸ್ ಅಂತೂ ಬೇಡವೇ ಬೇಡ.

ಫಿಸಿಯೋ ಮೈಸೂರು · ಸೋಮವಾರ ಸಂಜೆ

ನಾನು ಫಿಸಿಯೋಥೆರಪಿಸ್ಟ್. ಟ್ರೈಕ್ ಓಡಿಸಿಲ್ಲ. ಆದರೆ ವೀಲ್‌ಚೇರ್‌ನಲ್ಲಿ ದಿನವಿಡೀ ಕೂರುವವರ ಜೊತೆ ಹದಿನೈದು ವರ್ಷ ಕೆಲಸ ಮಾಡಿದ್ದೇನೆ, ಆದ್ದರಿಂದ ಕೂರುವ ನೋವು ನನಗೆ ಚೆನ್ನಾಗಿ ಗೊತ್ತು.

ಮೊದಲು ಒಂದು ಮುಖ್ಯ ಮಾತು. ಇಳಿದು ನಡೆದ ಮೇಲೆ ಎರಡು ಮೂರು ನಿಮಿಷಕ್ಕೆ ಸರಿಹೋಗುತ್ತದೆ ಅಂದಿರಿ. ಅದು ಒಳ್ಳೆಯ ಲಕ್ಷಣ. ಮರಗಟ್ಟುವುದು ಗಂಟೆಗಟ್ಟಲೆ ಹೋಗದೆ ಉಳಿದರೆ, ಕಾಲಿನಲ್ಲಿ ಬಲ ಕಡಿಮೆಯಾದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ ಸೀಟು ತಿರುಗಿಸುತ್ತಾ ಕೂರಬೇಡಿ. ಅದೇ ದಿನ ಡಾಕ್ಟರ ಹತ್ತಿರ ಹೋಗಿ.

ಇನ್ನು ದಿಂಬಿನ ವಿಷಯ. ಮಣೆ ಮೇಲೆ ಒಂದು ಗಂಟೆ ಕೂತರೆ ನೋಯುತ್ತದೆ, ಚಾಪೆ ಮೇಲೆ ರಾತ್ರಿಯೆಲ್ಲ ಮಲಗಿದರೆ ನೋಯುವುದಿಲ್ಲ, ಅಲ್ವಾ? ಚಾಪೆ ಮಣೆಗಿಂತ ಮೆತ್ತಗೇನೂ ಇರುವುದಿಲ್ಲ. ಮಲಗಿದಾಗ ಭಾರ ಹೆಗಲು, ಬೆನ್ನು, ಸೊಂಟ, ತೊಡೆ, ಹಿಮ್ಮಡಿ ಎಲ್ಲದಕ್ಕೂ ಹಂಚಿಹೋಗುತ್ತದೆ. ನೀವು ಕೂರುವ ಜಾಗಕ್ಕೆ ಮಾತ್ರ ದಪ್ಪ ದಿಂಬು ಇಟ್ಟರೆ ಏನಾಗುತ್ತದೆ? ಸೊಂಟ ಎರಡು ಇಂಚು ಮೇಲೇಳುತ್ತದೆ. ಬೆನ್ನಿನ ಕೆಳಗಿನ ಬಾಗಿಗೆ ಸಿಗುತ್ತಿದ್ದ ಆಧಾರ ತಪ್ಪುತ್ತದೆ. ಬೆನ್ನು ಹೊರುತ್ತಿದ್ದ ಭಾರವೂ ಕೂರುವ ಮೂಳೆಗೇ ಬೀಳುತ್ತದೆ. ಮೂರು ದಿಂಬೂ ಒಂದಕ್ಕಿಂತ ಒಂದು ಕಷ್ಟವಾಗಿದ್ದಕ್ಕೆ ಇದೇ ಕಾರಣ ಇರಬಹುದು. ಮೂರನ್ನೂ ತೆಗೆದಿಟ್ಟು ಶುರು ಮಾಡಿ.

ಎಡಗಡೆ ಮೊದಲು ಅಂದಿರಲ್ಲ, ಪ್ಯಾಂಟಿನ ಹಿಂದಿನ ಜೇಬಿನಲ್ಲಿ ಪರ್ಸ್ ಇಡುತ್ತೀರಾ?

ತುಂಗಾತೀರ · ಸೋಮವಾರ ರಾತ್ರಿ

ಮೇಡಂ, ಇಡುತ್ತೇನೆ. ಎಡ ಜೇಬಿನಲ್ಲೇ. ನಲವತ್ತು ವರ್ಷದ ಅಭ್ಯಾಸ. ಇವತ್ತಿನಿಂದ ಬಂದ್.

ಗಾಳಿಗೆದುರು ಅವರೇ, ಅಳೆದೆ. ಸೀಟು 46 ಡಿಗ್ರಿ. ಸುತ್ತು ನಿಮಿಷಕ್ಕೆ 60ರ ಹತ್ತಿರ. ಸ್ವಲ್ಪ ಭಾರೀ ಗೇರು ಹಾಕಿಯೇ ತುಳಿಯುವವನು ನಾನು. ಕಾಲು ಚಾಚಿದಾಗ ಮಂಡಿ ಪೂರ್ತಿ ನೇರ ಆಗುತ್ತದೆ, ಪಾದದ ತುದಿಯನ್ನೂ ಸ್ವಲ್ಪ ಮುಂದೆ ಚಾಚಬೇಕಾಗುತ್ತದೆ.

ಹೊರಸು, ಧಾರವಾಡ · ಮಂಗಳವಾರ

ನಮಸ್ಕಾರ ರೀ. ನಂದು ಫ್ಯಾಬ್ರಿಕೇಶನ್ ಕೆಲಸ. ಇಂಥ ಟ್ರೈಕ್ ಇಲ್ಲಿ ಕೊಳ್ಳೋದು ಕಷ್ಟ, ಅದಕ್ಕೆ ಚೌಕ ಪೈಪ್ ಬೆಸೆದು ನಾನೇ ಒಂದು ಮಾಡಿದ್ದೀನಿ. ಮುಂದಿನ ಎರಡು ಗಾಲಿ 20 ಇಂಚಿನವು. ನಾಲ್ಕು ವರ್ಷದಿಂದ ಓಡುತ್ತಿದೆ. ಸೀಟಿಗೆ ಏನು ಹಾಕೋದು ಅಂತ ತಲೆ ಕೆಡಿಸಿಕೊಂಡಿದ್ದಾಗ ಅಟ್ಟದ ಮೇಲೆ ನಮ್ಮ ಅಜ್ಜನ ಹೊರಸು ಕಾಣಿಸಿತು. ಅದರ ನವಾರ ಪಟ್ಟಿ ಬಿಚ್ಚಿ ಸೀಟಿಗೆ ಹೆಣೆದೆ. ನನ್ನ ಹೆಸರು ಬಂದಿದ್ದು ಅದರಿಂದಲೇ.

ತುಂಗಾತೀರ ಅವರೇ, ಬಾಲಮೂಳೆ ಹತ್ತಿರ ಗಟ್ಟಿ ಒತ್ತುತ್ತದೆ ಅಂತ ಬರೆದಿದ್ದೀರಿ ನೋಡ್ರಿ, ನನಗೆ ಆ ಒಂದು ಮಾತು ಸಾಕಾಯಿತು. ಹೊರಸಿನ ನುಲಿ ಸಡಿಲ ಆದರೆ ಮಲಗಿದವನ ಸೊಂಟ ನಡುವೆ ಕುಸಿಯುತ್ತದೆ. ಕಾಲ ಕಡೆಯ ಹಗ್ಗ ಎಳೆದು ಬಿಗಿ ಮಾಡೋವರೆಗೂ ಎಷ್ಟು ಕೌದಿ ಹಾಸಿದರೂ ಅಷ್ಟೇ. ನಿಮ್ಮ ಬಲೆಯ ಸೀಟೂ ಒಂದು ಹೊರಸೇ. ಹೊಸದರಲ್ಲಿ ಬಿಗಿ ಇರುತ್ತದೆ. ಬಿಸಿಲು, ಬೆವರು, ನಿಮ್ಮ ಭಾರ ಸೇರಿ ಬಟ್ಟೆ ಹಿಗ್ಗುತ್ತದೆ, ಪಟ್ಟಿ ಬಕಲಿನಲ್ಲಿ ಜಾರುತ್ತದೆ. ನಿಧಾನಕ್ಕೆ ಆಗೋದರಿಂದ ಗೊತ್ತಾಗೋದಿಲ್ಲ. ಕೊನೆಗೆ ಸೀಟಿನ ಕೆಳಗಿರುವ ಅಡ್ಡ ಪೈಪು ನಿಮಗೆ ತಾಗುತ್ತದೆ.

ಒಂದು ಪರೀಕ್ಷೆ ಹೇಳ್ತೀನಿ. ಸೀಟಿನ ಕೆಳಗಿನ ಅಡ್ಡ ಪೈಪಿಗೂ, ನಡುವಿನ ದೊಡ್ಡ ಪೈಪಿಗೂ ಸೀಮೆಸುಣ್ಣ ದಪ್ಪಗೆ ಬಳಿಯಿರಿ. ಹಂಗೇ ಕೂತು ಒಂದು ಸುತ್ತು ಹೋಗಿ ಬನ್ನಿ, ಒಂದೆರಡು ಗುಂಡಿ ಹಾಯಿಸಿ. ಬಂದು ಬಲೆಯ ಅಡಿಭಾಗ ನೋಡಿ. ಬಿಳಿ ಗುರುತು ಬಿದ್ದಿದ್ದರೆ ನೀವು ಕೂತಿರೋದು ಬಟ್ಟೆ ಮೇಲೆ ಅಲ್ಲ, ಕಬ್ಬಿಣದ ಮೇಲೆ.

ಬಿಗಿ ಮಾಡುವಾಗ ಎಲ್ಲಾ ಪಟ್ಟಿಯನ್ನೂ ಒಂದೇ ಸಮ ಎಳೆಯಬೇಡಿ. ಬೆನ್ನಿನ ಕೆಳಭಾಗಕ್ಕೆ, ಅಂದರೆ ನಡು ಒಳಕ್ಕೆ ಬಾಗುವ ಜಾಗಕ್ಕೆ ಬರೋ ಪಟ್ಟಿ ಎಲ್ಲಕ್ಕಿಂತ ಬಿಗಿ ಇರಲಿ. ಕೂರುವ ಮೂಳೆ ಬರುವಲ್ಲಿ ಒಂಚೂರು ಸಡಿಲ, ಆದರೆ ಪೈಪು ಮುಟ್ಟಬಾರದು. ತೊಡೆಯ ಕೆಳಗೆ ಬರೋ ಮುಂದಿನ ಪಟ್ಟಿ ಇನ್ನೂ ಸಡಿಲ ಮಾಡಿ, ಇಲ್ಲಾಂದರೆ ಪ್ರತಿ ಸಲ ಕಾಲು ಇಳಿದಾಗ ತೊಡೆಗೆ ಒತ್ತಿ ಜೋಮು ಹಿಡಿಯುತ್ತದೆ. ಮತ್ತೊಂದು ಮಾತು. ಖಾಲಿ ಸೀಟಿಗೆ ಬಿಗಿದು ಎದ್ದು ಬರಬೇಡಿ. ಬಿಗಿದು, ಕೂತು, ಎದ್ದು, ಮತ್ತೆ ಬಿಗಿಯಬೇಕು. ನಾನು ನನ್ನದಕ್ಕೆ ಆರು ಸಲ ಮಾಡಿದ್ದೀನಿ.

ತುಂಗಾತೀರ · ಬುಧವಾರ ರಾತ್ರಿ

ಹೊರಸು ಅವರೇ, ನಿಮ್ಮ ಕೈಗೆ ನಮಸ್ಕಾರ.

ಮೊಮ್ಮಗಳ ಸೀಮೆಸುಣ್ಣ ತಗೊಂಡು ಬಳಿದೆ. ಬೀದಿ ಸುತ್ತಿ ಬಂದು ಟ್ರೈಕನ್ನು ಪಕ್ಕಕ್ಕೆ ವಾಲಿಸಿದೆ, ನನ್ನ ಹೆಂಡತಿ ಟಾರ್ಚ್ ಹಿಡಿದಳು. ಕಪ್ಪು ಬಲೆಯ ಅಡಿಯಲ್ಲಿ ಬೆರಳಗಲದ ಬಿಳಿ ಗೆರೆ, ಅಡ್ಡಕ್ಕೆ, ಸರಿಯಾಗಿ ಬಾಲಮೂಳೆ ಬರುವಲ್ಲಿ. ಎಡಗಡೆ ದಪ್ಪ, ಬಲಗಡೆಗೆ ಹೋಗುತ್ತಾ ತೆಳು. ಒಂದು ವರ್ಷದಿಂದ ಆ ಪೈಪಿನ ಮೇಲೆ ಕೂತಿದ್ದೆ. ಪಟ್ಟಿಗಳನ್ನು ನೋಡಿದರೆ ಎಡಗಡೆಯ ಎರಡು ಬಕಲ್ ಒಳಗೆ ಪಟ್ಟಿ ಜಾರಿ, ಮೊದಲು ಕೂತಿದ್ದ ಜಾಗದ ಮಡಿಕೆ ಗುರುತು ಒಂದು ಇಂಚು ಆಚೆ ನಿಂತಿದೆ. ಅಷ್ಟು ಹಿಗ್ಗಿದೆ!

ನೀವು ಹೇಳಿದ ಹಾಗೆ ಬಿಗಿದೆ. ನಾಲ್ಕು ಸಲ ಕೂತು ಎದ್ದು ಮಾಡಿದೆ. ಈಗ ನಾನು ಕೂತಾಗ ಪೈಪಿಗೂ ಬಲೆಗೂ ನಡುವೆ ಹೆಂಡತಿಯ ಎರಡು ಬೆರಳು ಹೋಗುತ್ತವೆ. ಶನಿವಾರ ಓಡಿಸಿ ತಿಳಿಸುತ್ತೇನೆ.

ಗಾಳಿಗೆದುರು · ಗುರುವಾರ

ಭೇಷ್. ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ, ನಿಮ್ಮ ಅಳತೆಯಲ್ಲಿ ಇನ್ನೂ ಎರಡು ತಪ್ಪು ಕಾಣುತ್ತಿದೆ.

ಒಂದು, ಪೆಡಲ್ ದೂರ ಇದೆ. ಹಿಮ್ಮಡಿಯನ್ನು ಪೆಡಲ್ ಮೇಲೆ ಇಟ್ಟಾಗ ಕಾಲು ನೇರ ಆಗಬೇಕು. ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದಾಗ ಮಂಡಿ ತಾನಾಗೇ ಸ್ವಲ್ಪ ಬಾಗುತ್ತದೆ. ದೂರ ಜಾಸ್ತಿಯಾದರೆ ಪ್ರತಿ ಸುತ್ತಿಗೂ ಸೊಂಟ ಎಡಕ್ಕೆ ಬಲಕ್ಕೆ ತೂಗುತ್ತದೆ, ನೀವು ಮುಂದಕ್ಕೆ ಜಾರುತ್ತೀರಿ, ಚರ್ಮ ಬಟ್ಟೆಗೆ ತಿಕ್ಕುತ್ತದೆ. ಮುಂದಿನ ಬೂಮ್, ಅಂದರೆ ಪೆಡಲ್ ಹೊತ್ತಿರುವ ಪೈಪು, ಸಡಿಲಿಸಿ ಒಂದು ಸೆಂಟಿಮೀಟರ್ ಒಳಕ್ಕೆ ತಳ್ಳಿ. ಒಂದೆರಡು ಸೆಂಟಿಮೀಟರ್‌ಗೆ ಚೈನ್ ಕತ್ತರಿಸಬೇಕಾಗುವುದಿಲ್ಲ, ಹಿಂದಿನ ಡಿರೇಲರ್, ಅಂದರೆ ಗೇರು ಬದಲಿಸುವ ಭಾಗ, ಅದನ್ನು ಎಳೆದುಕೊಳ್ಳುತ್ತದೆ. ಆದರೆ ಜಾಸ್ತಿ ಹತ್ತಿರ ತಂದರೆ ಮಂಡಿ ನೋವು ಬರುತ್ತದೆ, ಹುಷಾರು. ಬೂಮ್ ಬಿಗಿಯುವ ಮೊದಲು ಪೆಡಲ್ ನೆಟ್ಟಗಿದೆಯಾ ನೋಡಿ.

ಎರಡು, ಸೀಟು ಬಹಳ ನೆಟ್ಟಗಿದೆ. 46 ಅಂದರೆ ಭಾರದ ದೊಡ್ಡ ಪಾಲು ಕೆಳಗೇ ಬೀಳುತ್ತದೆ. ನಾನು ನನ್ನದನ್ನು 28ರಲ್ಲಿ ಇಟ್ಟಿದ್ದೇನೆ, ಎದುರು ಗಾಳಿಗೂ ಒಳ್ಳೆಯದು. ನೀವೂ ಅಲ್ಲಿಗೇ ಇಳಿಸಿ.

ಒರಗಿದಷ್ಟೂ ಗಾಳಿ ತಡೆ ಕಡಿಮೆ ಅನ್ನುವುದು ಹಳೇ ವಿಷಯ. 1933ರಲ್ಲಿ ಫ್ರಾನ್ಸಿಸ್ ಫೋರ್ ಅನ್ನುವ ಫ್ರೆಂಚ್ ಸವಾರ ಶಾರ್ಲ್ ಮೋಶೆ ಅನ್ನುವವರು ಕಟ್ಟಿದ ಒರಗು ಸೈಕಲ್‌ನಲ್ಲಿ ಒಂದು ಗಂಟೆಗೆ 45.055 ಕಿ.ಮೀ. ಓಡಿಸಿ, 1914ರಿಂದ ನಿಂತಿದ್ದ ದಾಖಲೆ ಮುರಿದ. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಸೈಕಲ್ ಅಂದರೆ ಹೀಗೇ ಇರಬೇಕು ಅಂತ ನಿಯಮ ತಂದು ಈ ಜಾತಿಯನ್ನೇ ಸ್ಪರ್ಧೆಯಿಂದ ಹೊರಗಿಟ್ಟಿತು. ಆ ನಿಯಮ ಬಾರದಿದ್ದರೆ ಇವತ್ತು ತುಮಕೂರಿನ ಅಂಗಡಿಯಲ್ಲೂ ಒರಗು ಸೈಕಲ್ ಸಿಗುತ್ತಿತ್ತು ಅಂತ ನಾನು ನಂಬಿದ್ದೇನೆ.

ಫಿಸಿಯೋ ಮೈಸೂರು · ಗುರುವಾರ ಸಂಜೆ

ಗಾಳಿಗೆದುರು ಅವರೇ, ಒಂದೇ ಸಲ 28ಕ್ಕೆ ಇಳಿಸುವುದನ್ನು ನಾನು ಒಪ್ಪುವುದಿಲ್ಲ. ಇವರಿಗೆ ಕಿವಿಯಿಂದ ಬಂದ ತಲೆಸುತ್ತು ಇದೆ. ತಲೆಯ ಕೋನ ಬದಲಾದರೆ ಕೆಲವರಿಗೆ ಅದು ಕೆರಳುತ್ತದೆ. ಅಷ್ಟು ಒರಗಿದರೆ ರಸ್ತೆ ನೋಡಲು ಕತ್ತನ್ನು ಮುಂದಕ್ಕೆ ಎತ್ತಿಯೇ ಹಿಡಿದಿರಬೇಕು. 61ರ ಕತ್ತಿಗೆ ಅದು ಸಣ್ಣ ಕೆಲಸ ಅಲ್ಲ. ಕೂರುವ ನೋವು ಹೋಗಿ ಕತ್ತು ನೋವು ಬಂದರೆ ಏನು ಬಂತು?

ಮೂರು ಮೂರು ಡಿಗ್ರಿ ಇಳಿಸಿ. ಪ್ರತಿ ಸಲ ಒಂದು ವಾರ ಓಡಿಸಿ ನೋಡಿ. ಕತ್ತು ಎಳೆದರೆ ಒಂದು ಹೆಜ್ಜೆ ವಾಪಸು ಬನ್ನಿ, ಇಲ್ಲವೇ ತಲೆಗೆ ಆಧಾರ ಹಾಕಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪುಸ್ತಕದಲ್ಲಿ ಬರೆದಿಡಿ. ನಾಲ್ಕನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಹೋಯಿತು, ಯಾವುದರಿಂದ ಬಂತು ಯಾರಿಗೂ ತಿಳಿಯಲ್ಲ.

ಇನ್ನೊಂದು, ನೋವು ಬರುವತನಕ ಕಾಯಬೇಡಿ. ವೀಲ್‌ಚೇರ್‌ನಲ್ಲಿ ಇರುವವರಿಗೆ ನಾವು 15ರಿಂದ 30 ನಿಮಿಷಕ್ಕೊಮ್ಮೆ ಭಾರ ಬಿಡಿಸಿಕೊಳ್ಳಲು ಕಲಿಸುತ್ತೇವೆ. ಮುಂದಕ್ಕೆ ಬಾಗುವುದು, ಒಂದು ಪಕ್ಕಕ್ಕೆ ವಾಲುವುದು, ಆಮೇಲೆ ಇನ್ನೊಂದು ಪಕ್ಕಕ್ಕೆ. ಟ್ರೈಕ್ ಬೀಳುವುದಿಲ್ಲವಲ್ಲ, ಸಮತಟ್ಟಾದ ದಾರಿಯಲ್ಲಿ ತುಳಿಯುವುದು ನಿಲ್ಲಿಸಿ, ಎದೆಯನ್ನು ಮಂಡಿ ಕಡೆಗೆ ಬಾಗಿಸಿ ಹತ್ತು ಉಸಿರು ಎಣಿಸಿ. ಉರಿ ಶುರುವಾದ ಮೇಲೆ ಮಾಡಿದರೆ ಪ್ರಯೋಜನ ಕಡಿಮೆ. ಇಳಿದು ನಡೆಯುವುದೂ ಹಾಗೆಯೇ, 45 ನಿಮಿಷಕ್ಕೊಮ್ಮೆ, ಚೆನ್ನಾಗಿರುವಾಗಲೇ.

ಗಾಳಿಗೆದುರು · ಗುರುವಾರ ರಾತ್ರಿ

ತಲೆಸುತ್ತಿನ ವಿಷಯ ನಾನು ಗಮನಿಸಿರಲಿಲ್ಲ, ಮೇಡಂ. ನೀವು ಹೇಳಿದ್ದೇ ಸರಿ. ಸರ್, ಮೂರು ಡಿಗ್ರಿಯಂತೆ ಹೋಗಿ. ಸೀಟು ಒರಗಿಸಿದಾಗೆಲ್ಲ ಪೆಡಲ್ ದೂರವನ್ನು ಮತ್ತೆ ಅಳೆಯಿರಿ, ಅದೂ ಸ್ವಲ್ಪ ಬದಲಾಗುತ್ತದೆ. ಗೇರು ಹಗುರ ಮಾಡಿ, ಸುತ್ತನ್ನು 80ಕ್ಕೆ ತನ್ನಿ. ಮೊದಲ ವಾರ ಕಾಲು ಸುಮ್ನೆ ತಿರುಗುತ್ತಿದೆ ಅನ್ನಿಸುತ್ತದೆ, ಪರವಾಗಿಲ್ಲ.

ಕರಾವಳಿ ಮಗಳು, ಉಡುಪಿ · ಶುಕ್ರವಾರ

ಮೂರು ದಿನದಿಂದ ಓದುತ್ತಾ ಇದ್ದೇನೆ, ಇವತ್ತು ಬರೆಯುವ ಧೈರ್ಯ ಬಂತು. ನನ್ನ ಅಪ್ಪನಿಗೆ ಐದು ವರ್ಷದ ಹಿಂದೆ ಪಾರ್ಶ್ವವಾಯು ಆಯಿತು. ಎಡಗಡೆ ಬಲ ಕಮ್ಮಿ, ಎಡಗಡೆ ಮುಟ್ಟಿದ್ದೂ ಸರಿಯಾಗಿ ಗೊತ್ತಾಗುವುದಿಲ್ಲ. ಅಣ್ಣ ಹೊರದೇಶದಿಂದ ಬರುವಾಗ ಅವರಿಗಾಗಿ ಒಂದು ಟ್ರೈಕ್ ತಂದ. ಅದರಲ್ಲಿ ಹಿಂದೆ ಎರಡು ಗಾಲಿ, ಮುಂದೆ ಒಂದು, ಸೀಟು ಎತ್ತರ. ಸಂಜೆ ಹೊತ್ತು ಸಮುದ್ರದ ಕಡೆಯ ರಸ್ತೆಯಲ್ಲಿ ಹೋಗಿ ಬಂದರೆ ಅಪ್ಪನ ಮುಖವೇ ಬೇರೆ ಇರುತ್ತದೆ. ಮನೆಯಲ್ಲಿ ನಾಲ್ಕು ಮಾತಾಡದವರು ಬಂದ ಮೇಲೆ ಒಂದು ಗಂಟೆ ಮಾತಾಡುತ್ತಾರೆ.

ಅವರು ಯಾವತ್ತೂ ನೋವು ಅಂದಿಲ್ಲ. ಆದರೆ ಹೋದ ವಾರ ಸ್ನಾನಕ್ಕೆ ನೀರು ಹಾಕುವಾಗ ಅಮ್ಮ ನೋಡಿದರು, ಎಡಗಡೆ ಕೂರುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕೆಂಪು. ಮರುದಿನವೂ ಇತ್ತು. ಇಲ್ಲಿಯ ಬೆವರು ನಿಮಗೆ ಗೊತ್ತಲ್ಲ, ಸ್ಪಂಜಿನ ಸೀಟು ಯಾವಾಗಲೂ ಒದ್ದೆ. ಟ್ರೈಕ್ ನಿಲ್ಲಿಸಿಬಿಡಬೇಕಾ?

ಫಿಸಿಯೋ ಮೈಸೂರು · ಶುಕ್ರವಾರ, ಅರ್ಧ ಗಂಟೆ ನಂತರ

ಅಮ್ಮ ನೋಡಿದ್ದು ಬಹಳ ಒಳ್ಳೆಯದಾಯಿತು. ಈ ಕೆಂಪು ಪೂರ್ತಿ ಹೋಗುವವರೆಗೆ ಟ್ರೈಕ್ ಬೇಡ. ಮನೆಯಲ್ಲಿ ಕೂರುವಾಗಲೂ ಆ ಜಾಗಕ್ಕೆ ಭಾರ ಬೀಳದ ಹಾಗೆ ನೋಡಿಕೊಳ್ಳಿ. ಬೆರಳಿಂದ ಒತ್ತಿ ಬಿಟ್ಟು ನೋಡಿ. ಒತ್ತಿದಾಗ ಬಿಳಿಚಿ ಮತ್ತೆ ಕೆಂಪಾಗಬೇಕು. ಬಿಳಿಚದೇ ಹಾಗೇ ಕೆಂಪಾಗಿದ್ದರೆ ಅದು ಒತ್ತಡದ ಹುಣ್ಣಿನ ಮೊದಲ ಹಂತ. ಎರಡು ದಿನ ಆದರೂ ಹೋಗಿಲ್ಲ ಅಂದರೆ ನಾಳೆಯೇ ಡಾಕ್ಟರಿಗೆ ತೋರಿಸಿ. ಅಲ್ಲಿ ಉಜ್ಜಬೇಡಿ, ಎಣ್ಣೆ ಹಾಕಿ ತಿಕ್ಕಬೇಡಿ.

ನೋವು ಅನ್ನುವುದು ನಮ್ಮನ್ನು ಎಬ್ಬಿಸುವ ಗಂಟೆ. ತುಂಗಾತೀರ ಅವರಿಗೆ ಅದು ಬಾರಿಸುತ್ತದೆ, ನಿಮ್ಮ ಅಪ್ಪನಿಗೆ ಬಾರಿಸುವುದಿಲ್ಲ. ಆದ್ದರಿಂದ ಅವರ ಪರವಾಗಿ ನೀವು ಗಡಿಯಾರ ನೋಡಬೇಕು. ವಾಸಿಯಾದ ಮೇಲೆ ಹದಿನೈದು ನಿಮಿಷದಿಂದ ಶುರು ಮಾಡಿ, ಬಂದ ತಕ್ಷಣ ಚರ್ಮ ನೋಡಿ. ಸ್ಪಂಜು ತೆಗೆಯಿರಿ. ವೀಲ್‌ಚೇರ್‌ಗೆ ಬರುವ ಗಾಳಿ ದಿಂಬು ಸಿಗುತ್ತದೆ, ಸಣ್ಣ ಸಣ್ಣ ಗಾಳಿ ಗೂಡುಗಳಿರುವುದು. ನಾನು ಮೊದಲು ದಿಂಬು ಬೇಡ ಅಂದಿದ್ದೆ. ಸ್ಪರ್ಶ ಕಡಿಮೆ ಇರುವವರ ವಿಷಯ ಬೇರೆ. ಅದಕ್ಕೆ ಗಾಳಿ ಜಾಸ್ತಿ ತುಂಬಿದರೆ ಕಲ್ಲು, ಕಮ್ಮಿಯಾದರೆ ತಳ ಮುಟ್ಟುತ್ತದೆ. ಅವರನ್ನು ಕೂರಿಸಿ, ದಿಂಬಿಗೂ ಅವರಿಗೂ ನಡುವೆ ಕೈ ಹಾಕಿ, ಅತಿ ಕೆಳಗೆ ಬಂದಿರುವ ಮೂಳೆ ಹುಡುಕಿ. ಆ ಮೂಳೆಯ ಕೆಳಗೆ ಅರ್ಧದಿಂದ ಒಂದು ಇಂಚು ಗಾಳಿ ಉಳಿದಿರಬೇಕು. ಆಯ್ಕೆ ಮಾಡುವಾಗ ನಿಮ್ಮ ಊರಿನ ಫಿಸಿಯೋ ಜೊತೆಗಿರಲಿ.

ಟ್ರೈಕ್ ನಿಲ್ಲಿಸಬೇಡಿ. ಒಂದು ಗಂಟೆ ಮಾತಾಡುತ್ತಾರೆ ಅಂದಿರಿ. ಅದನ್ನು ಕಳೆದುಕೊಳ್ಳಬಾರದು.

ಗಾಳಿಗೆದುರು · ಶುಕ್ರವಾರ

ಉಡುಪಿಯವರಿಗೆ ಒಂದು ಸೇರಿಸುತ್ತೇನೆ. ಬೆವರಿಗೆ ಇಲ್ಲಿ ಬಹಳ ಜನ ವೆಂಟಿಸಿಟ್ ಅನ್ನುವ ಹಾಸು ಬಳಸುತ್ತಾರೆ. ಒರಟು ನಾರಿನ ದಪ್ಪ ಜಾಳಿಗೆ, ಗಾಳಿ ಆರಪಾರ ಹೋಗುತ್ತದೆ, ನೀರು ನಿಲ್ಲುವುದಿಲ್ಲ. ನನ್ನ ಗಟ್ಟಿ ಸೀಟಿನ ಮೇಲೆ ಅದೇ ಇದೆ. ಆದರೆ ಮೈಗೆ ಒರಟು, ಅಪ್ಪನ ಚರ್ಮಕ್ಕೆ ಬೇಡ, ಬೆನ್ನಿಗೆ ಮಾತ್ರ ನೋಡಬಹುದು. ಅವರ ಎಡ ಪಾದ ಪೆಡಲಿಗೆ ಕಟ್ಟಿರುತ್ತೀರಿ ತಾನೇ? ಕಾಲು ಜಾರಿ ನೆಲಕ್ಕೆ ಬಿದ್ದರೆ ಟ್ರೈಕ್ ಮುಂದೆ ಹೋಗುತ್ತಾ ಕಾಲು ಅಡಿಗೆ ಸಿಕ್ಕಿಕೊಳ್ಳುತ್ತದೆ. ಹಿಮ್ಮಡಿಗೆ ಆಧಾರ ಇರುವ ಪೆಡಲ್ ಹಾಕಿಸಿ.

ಕರಾವಳಿ ಮಗಳು · ಶುಕ್ರವಾರ ರಾತ್ರಿ

ಒತ್ತಿದರೆ ಬಿಳಿಚುತ್ತದೆ. ನಾಳೆ ಡಾಕ್ಟರಿಗೆ ತೋರಿಸುತ್ತೇವೆ. ಪಾದ ಕಟ್ಟುತ್ತೇವೆ, ಹಿಮ್ಮಡಿ ಆಧಾರವೂ ಇದೆ. ಅಕ್ಕಾ, ನಿಮಗೆ ಹೇಗೆ ಕೃತಜ್ಞತೆ ಹೇಳುವುದೋ ಗೊತ್ತಾಗುತ್ತಿಲ್ಲ.

ತುಂಗಾತೀರ · ಶನಿವಾರ ರಾತ್ರಿ

ಬಲೆ ಬಿಗಿದಿದ್ದು, ಪರ್ಸ್ ತೆಗೆದಿದ್ದು, ದಿಂಬು ಇಲ್ಲದ್ದು, ಇಷ್ಟರಲ್ಲೇ ಹೋದೆ. ಬೇರೇನೂ ಮುಟ್ಟಲಿಲ್ಲ. 34 ಕಿ.ಮೀ. ತನಕ ಉರಿ ಇಲ್ಲ. ಬಾಲಮೂಳೆ ಒತ್ತುವುದು ಪೂರ್ತಿ ಹೋಯಿತು. ಆಮೇಲೆ ಎರಡೂ ಕಡೆ ಸಮನಾಗಿ ಸಣ್ಣ ಉರಿ ಬಂತು, ತಡೆಯುವಷ್ಟಿತ್ತು. ಆದರೆ ಬಲಗಾಲ ಬೆರಳಿಗೆ ಜೋಮು. ಮುಂದಿನ ವಾರ ಬೂಮ್.

ಹೊರಸು, ಧಾರವಾಡ · ಭಾನುವಾರ

ಬೆರಳಿನ ಜೋಮು ಸೀಟಿಂದಲ್ಲ ರೀ, ಬೂಟಿಂದ. ಕಾಲು ಎತ್ತರಕ್ಕೆ ಇರುವುದರಿಂದ ರಕ್ತ ಹೋಗೋದೇ ಸ್ವಲ್ಪ ಕಷ್ಟ. ಅದರ ಮೇಲೆ ಬಿಗಿ ಬೂಟು ಬೇಡ. ಮುಂಭಾಗ ಅಗಲ ಇರೋ ಬೂಟು ಹಾಕಿ, ದಾರ ಸಡಿಲ ಕಟ್ಟಿ. ತಳ ಮಾತ್ರ ಗಟ್ಟಿ ಇರಲಿ. ಬೂಟನ್ನು ಪೆಡಲಿಗೆ ಸಿಕ್ಕಿಸೋ ಕ್ಲೀಟ್ ಇದ್ದರೆ ಅದನ್ನು ಹಿಮ್ಮಡಿ ಕಡೆಗೆ ಸರಿಸಿ.

ಗಾಲಿಯ ಗಾಳಿ ಎಷ್ಟು ಹೊಡೆಯುತ್ತೀರಿ? ಮೂರು ಗಾಲಿ ಅಂದರೆ ಮೂರು ಜಾಡು. ಸೈಕಲ್‌ನಲ್ಲಿ ಗುಂಡಿ ತಪ್ಪಿಸಬಹುದು, ಇದರಲ್ಲಿ ಒಂದಲ್ಲ ಒಂದು ಗಾಲಿ ಅದಕ್ಕೆ ಬಿದ್ದೇ ಬೀಳುತ್ತದೆ. ಬಿದ್ದಾಗ ಪೆಡಲ್ ಮೇಲೆ ನಿಂತು ಭಾರ ಎತ್ತೋಕೆ ಆಗೋದಿಲ್ಲ. ಪೂರ್ತಿ ಹೊಡೆತ ಸೀಟಿಗೆ. ನಾನು ಎರಡು ಇಂಚು ಅಗಲದ ಟೈರ್ ಹಾಕಿ 40 ಪಿಎಸ್‌ಐಗೆ ಇಳಿಸಿದ ಮೇಲೆ ನಮ್ಮ ರಸ್ತೆಯಲ್ಲಿ ಬೆನ್ನು ಉಳಿಯಿತು.

ತುಂಗಾತೀರ · ಭಾನುವಾರ

ನನ್ನದು ಶ್ವಾಲ್ಬೆ ಬಿಗ್ ಆ್ಯಪಲ್, ಎರಡು ಇಂಚಿನದು. ಟೈರ್ ಮೇಲೆ 30ರಿಂದ 70 ಅಂತ ಇದೆ, ನಾನು ಮೇಲಿನ ಅಂಕಿಯನ್ನೇ ಹಿಡಿದು 70 ಹೊಡೆಯುತ್ತಿದ್ದೆ. 45ಕ್ಕೆ ಇಳಿಸಿ ನೋಡುತ್ತೇನೆ.

ತುಂಗಾತೀರ · ಆರು ವಾರದ ನಂತರ, ಶನಿವಾರ ರಾತ್ರಿ

ಇವತ್ತು ಒಹಾಯೋಪೈಲ್‌ಗೆ ಹೋಗಿ ಬಂದೆ.

ಪುಸ್ತಕದಲ್ಲಿ ಬರೆದದ್ದನ್ನೇ ಇಲ್ಲಿ ಹಾಕುತ್ತೇನೆ, ಮುಂದೆ ಯಾರಿಗಾದರೂ ಬೇಕಾಗಬಹುದು. ಬೂಮ್ 1.5 ಸೆಂಟಿಮೀಟರ್ ಒಳಕ್ಕೆ ಬಂತು. ಒಂದಕ್ಕೆ ಸಾಲಲಿಲ್ಲ, ಎರಡಕ್ಕೆ ಮಂಡಿ ಹಿಡಿಯಿತು. ಸೀಟು ಮೂರು ಸಲ ಇಳಿಸಿದೆ, 37ಕ್ಕೆ ಕತ್ತು ಎಳೆಯಿತು, 40ಕ್ಕೆ ವಾಪಸು ಬಂದು ಅಲ್ಲೇ ನಿಂತೆ. ತಲೆಸುತ್ತು ಬರಲಿಲ್ಲ. ಸುತ್ತು 78ರ ಆಸುಪಾಸು. ಗಾಳಿ 45. ಬೂಟು ಅರ್ಧ ಸೈಜು ದೊಡ್ಡದು ತಗೊಂಡೆ.

ಬೆಳಿಗ್ಗೆ ಎಂಟಕ್ಕೆ ಕನೆಲ್ಸ್‌ವಿಲ್ ಬಿಟ್ಟೆ. ಹೋಗುವಾಗ ಗೊತ್ತೇ ಆಗದಷ್ಟು ನಿಧಾನದ ಏರು. ಬಲಗಡೆ ಗುಡ್ಡದಿಂದ ನೀರು ಜಿನುಗುತ್ತಿತ್ತು, ಎಡಗಡೆ ಕೆಳಗೆ ನದಿ ಮೊರೆಯುತ್ತಿತ್ತು. ಮರಗಳ ನಡುವೆ ಒಂದು ತಿರುವಿನಲ್ಲಿ ತೇವದ ಎಲೆಯ ವಾಸನೆ ಬಂದು ನಮ್ಮೂರಿನ ಮಳೆಗಾಲ ನೆನಪಾಯಿತು. 45 ನಿಮಿಷಕ್ಕೊಮ್ಮೆ ಫೋನ್ ಗಂಟೆ ಹೊಡೆಯುವ ಹಾಗೆ ಇಟ್ಟಿದ್ದೆ. ಒಂದು ಸಲ ಅನುಮಾನವಾಗಿ, ಚೆನ್ನಾಗೇ ಇದೀನಲ್ಲ, ಮುಂದೆ ಹೋಗೋಣ ಅನ್ನಿಸಿತು. ಮೇಡಂ ಮಾತು ನೆನಪಾಗಿ ಇಳಿದು ನಡೆದೆ.

ಒಹಾಯೋಪೈಲ್‌ನ ಎತ್ತರದ ಸೇತುವೆ ಮೇಲೆ ನಿಲ್ಲಿಸಿ, ಸೀಟಿನಲ್ಲೇ ಕೂತು ಮನೆಯಿಂದ ತಂದ ಚಪಾತಿ ತಿಂದೆ. ಇಳಿಯಬೇಕು ಅನ್ನಿಸಲಿಲ್ಲ. ಒಂದು ವರ್ಷದಲ್ಲಿ ಆ ಸೀಟಿನಲ್ಲಿ ಸುಮ್ನೆ ಕೂತದ್ದು ಇದೇ ಮೊದಲು.

ವಾಪಸು ಬರುವಾಗ ಕೊನೆಯ ಐದಾರು ಕಿ.ಮೀ.ಗೆ ಉರಿ ಬಂತು, ಸುಳ್ಳು ಹೇಳುವುದಿಲ್ಲ. ಮರಗಟ್ಟಲಿಲ್ಲ. ಮನೆಗೆ ಬಂದು ನೋಡಿದರೆ ಎಡಗಡೆಯ ಅದೇ ಬಕಲ್ ಮತ್ತೆ ಕಾಲು ಇಂಚು ಜಾರಿದೆ. ಹೊರಸು ಅವರೇ, ಇದಕ್ಕೇನು ಮಾಡುತ್ತೀರಿ?

ಕರಾವಳಿ ಮಗಳು · ಭಾನುವಾರ

ಸರ್, ಅಪ್ಪನಿಗೆ ಓದಿ ಹೇಳಿದೆ. ಸೇತುವೆ ಎಷ್ಟು ಎತ್ತರ ಇದೆ ಅಂತ ಕೇಳಿದರು. ಅವರ ಕೆಂಪು ಹತ್ತು ದಿನದಲ್ಲಿ ಹೋಗಿತ್ತು. ಈಗ ಗಾಳಿ ದಿಂಬಿನ ಮೇಲೆ 25 ನಿಮಿಷ, ಅಮ್ಮ ಪಕ್ಕದಲ್ಲಿ ನಡೆಯುತ್ತಾರೆ.

ಹೊರಸು, ಧಾರವಾಡ · ಭಾನುವಾರ

ಬಹಳ ಸಂತೋಷ ಆಯಿತು ರೀ. ಬಕಲಿಗೆ ಹೀಗೆ ಮಾಡಿ. ಬಿಗಿದ ಮೇಲೆ ಉಳಿಯುವ ಪಟ್ಟಿಯ ತುದಿಯನ್ನು ವಾಪಸು ತಿರುಗಿಸಿ ಅದೇ ಬಕಲಿನೊಳಗೆ ಇನ್ನೊಂದು ಸಲ ತೂರಿಸಿ, ಎರಡು ಪದರ ಆಗಬೇಕು. ಆಗಲೂ ಜಾರಿದರೆ ಬಕಲಿನ ಪಕ್ಕದಲ್ಲೇ ದಪ್ಪ ನೈಲಾನ್ ದಾರದಿಂದ ನಾಲ್ಕು ಹೊಲಿಗೆ ಹಾಕಿಬಿಡಿ. ಮತ್ತೆ ಬಿಗಿಯಬೇಕಾದಾಗ ಬ್ಲೇಡಿನಿಂದ ಬಿಚ್ಚಬಹುದು. ಬಲಗಡೆಗೂ ಅಷ್ಟೇ ಹೊಲಿಗೆ ಹಾಕಿ, ಇಲ್ಲಾಂದರೆ ಇನ್ನಾರು ತಿಂಗಳಿಗೆ ಆ ಕಡೆ ವಾಲುತ್ತೀರಿ.